ಘಟ್ಟದ ಮೇಲೊಂದು ಪ್ರತಿ, ಕೆಳಗೊಂದು ಪ್ರತಿ: ಮನೆಯ ಸ್ಟೋರೇಜ್ ಸರ್ವರ್‌ಗೆ ಯಂತ್ರ ಆರಿಸುವ ಬಗೆ

ಮನೆಯವರೆಲ್ಲರ ಫೈಲುಗಳನ್ನು ಒಂದೆಡೆ ಇಟ್ಟು ಫೋನು, ಟಿವಿಗಳಿಗೆ ಕೊಡುವ, ಸದಾ ಓಡುವ ಕಂಪ್ಯೂಟರೇ ಮನೆಯ ಸ್ಟೋರೇಜ್ ಸರ್ವರ್. ಅದಕ್ಕಾಗಿ ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ, ಕಳೆದುಹೋದರೆ ಮತ್ತೆ ಸಿಗದಿರುವುದು: ಮನೆಯವರ ಫೋಟೋ, ಮದುವೆ ವಿಡಿಯೋ, ಜಮೀನಿನ ಕಾಗದಪತ್ರಗಳ ಸ್ಕ್ಯಾನ್, ಹಳೆಯ ಕ್ಯಾಸೆಟ್ಟುಗಳು. ಬಲಗಡೆ, ಹೋದರೂ ಮತ್ತೆ ತರಬಹುದಾದ ಸಿನಿಮಾ, ಧಾರಾವಾಹಿ, ಹಾಡು. ಎಡಗಡೆಯ ಮೊತ್ತ ಬ್ಯಾಕಪ್ಪಿನ ಗಾತ್ರವನ್ನು ಹೇಳುತ್ತದೆ, ಎರಡೂ ಕೂಡಿದ ಮೊತ್ತ ಸರ್ವರಿನ ಡಿಸ್ಕಿನ ಗಾತ್ರವನ್ನು.

ಲೆಕ್ಕಕ್ಕೆ ಕೆಲವು ಅಳತೆಗಳು. ಫೋನಿನ ಫೋಟೋ ಒಂದಕ್ಕೆ 3ರಿಂದ 5 ಎಂಬಿ. ಫೋನಿನ 4ಕೆ ವಿಡಿಯೋ ನಿಮಿಷಕ್ಕೆ 170ರಿಂದ 400 ಎಂಬಿ. ಹಳೆಯ ವಿಡಿಯೋ ಕ್ಯಾಮೆರಾಗಳ ಮಿನಿ ಡಿವಿ ಟೇಪನ್ನು ಮೂಲ ಗುಣಮಟ್ಟದಲ್ಲೇ ಇಳಿಸಿಕೊಂಡರೆ ಗಂಟೆಗೆ ಸುಮಾರು 13 ಜಿಬಿ. ಆಡಿಯೋ ಕ್ಯಾಸೆಟ್ಟು ವೇವ್ ಫೈಲಾಗಿ ಗಂಟೆಗೆ 600 ಎಂಬಿ ಚಿಲ್ಲರೆ, ಗುಣಮಟ್ಟ ಕಳೆಯದೆ ಕುಗ್ಗಿಸುವ ಫ್ಲಾಕ್ ಮಾಡಿದರೆ ಅದರ ಅರ್ಧದ ಆಸುಪಾಸು. ಬೆಳಗಾಗುವವರೆಗೆ ನಡೆದ ಎಂಟು ಗಂಟೆಯ ಯಕ್ಷಗಾನದ ಆಟದ ಬರೀ ಧ್ವನಿ 5 ಜಿಬಿ ಹಿಡಿದರೆ, ಅದೇ ಆಟದ ಡಿವಿ ಚಿತ್ರೀಕರಣಕ್ಕೆ 104 ಜಿಬಿ ಬೇಕು. ಯಕ್ಷಗಾನದ ಟೇಪುಗಳಿರುವ ಮನೆಯವರು ಇದನ್ನು ಮರೆತು 2 ಟಿಬಿ ತಂದರೆ ಆರೇ ತಿಂಗಳಲ್ಲಿ ಜಾಗ ಸಾಲದಾಗುತ್ತದೆ.

ಬಂದ ಮೊತ್ತವನ್ನು ಎರಡರಿಂದ ಗುಣಿಸಿ. 4 ಟಿಬಿ ಎಂದು ಮಾರುವ ಡಿಸ್ಕು ಕಂಪ್ಯೂಟರಿನಲ್ಲಿ 3.64 ಎಂದು ಕಾಣಿಸುತ್ತದೆ. ಮೋಸವೇನಿಲ್ಲ, ಎಣಿಸುವ ಪದ್ಧತಿ ಬೇರೆ ಅಷ್ಟೆ. ಅದರಲ್ಲೂ ಶೇಕಡಾ 80ಕ್ಕಿಂತ ಹೆಚ್ಚು ತುಂಬದಿರುವುದು ಒಳ್ಳೆಯದು. ಹಾಗಾಗಿ ಈಗ ಒಂದೂವರೆ ಟಿಬಿ ಇರುವವರಿಗೆ 4 ಟಿಬಿಯ ಎರಡು ಡಿಸ್ಕು ಸರಿಯಾದ ಆರಂಭ. ಎರಡರಲ್ಲೂ ಒಂದೇ ಮಾಹಿತಿ ಇರುತ್ತದೆ. ಇದಕ್ಕೆ ಮಿರರ್ ಎನ್ನುತ್ತಾರೆ. ಒಂದು ಕೆಟ್ಟರೂ ಕೆಲಸ ನಿಲ್ಲದು. ಮೂರ್ನಾಲ್ಕು ಸಣ್ಣ ಡಿಸ್ಕು ಜೋಡಿಸುವ ರೇಡ್ 5ರ ಆಸೆ ಮನೆಗೆ ಬೇಡ. ಡಿಸ್ಕು ಹೆಚ್ಚಿದಷ್ಟೂ ಕರೆಂಟು, ಶಾಖ, ಕೇಬಲ್ಲು ಹೆಚ್ಚುತ್ತವೆ. ಕೆಟ್ಟ ದಿನ ಸರಿಪಡಿಸುವುದೂ ಕಷ್ಟ.

ಡಿಸ್ಕು: ಇಲ್ಲಿ ಜಿಪುಣತನ ಬೇಡ

ಹಾರ್ಡ್ ಡಿಸ್ಕಿನಲ್ಲಿ ಬರೆಯುವ ಕ್ರಮ ಎರಡು ಬಗೆ. ಸಿಎಂಆರ್‌ನಲ್ಲಿ ಸಾಲುಗಳು ಪಕ್ಕಪಕ್ಕ ಇರುತ್ತವೆ. ಎಸ್‌ಎಂಆರ್‌ನಲ್ಲಿ ಮನೆಯ ಹಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು. ಮಾಡಿನ ನಡುವಿನ ಹಂಚು ಬದಲಿಸಲು ಅಕ್ಕಪಕ್ಕದ್ದನ್ನೂ ಎತ್ತಬೇಕಲ್ಲ, ಎಸ್‌ಎಂಆರ್ ಡಿಸ್ಕಿಗೂ ಅದೇ ಪಾಡು: ಒಂದು ಸಾಲು ತಿದ್ದಲು ಮುಂದಿನ ಹಲವು ಸಾಲುಗಳನ್ನು ಮತ್ತೆ ಬರೆಯಬೇಕು. ಮಿರರಿನ ಒಂದು ಡಿಸ್ಕು ಕೆಟ್ಟು ಹೊಸದನ್ನು ಹಾಕಿದಾಗ, ಗಂಟೆಗಳಲ್ಲಿ ಮುಗಿಯಬೇಕಾದ ಮರುಜೋಡಣೆ ಎಸ್‌ಎಂಆರ್‌ನಲ್ಲಿ ದಿನಗಟ್ಟಲೆ ಎಳೆಯಬಹುದು, ಕೆಲವೊಮ್ಮೆ ನಡುವೆಯೇ ಸೋಲಬಹುದು.

ಸೀಗೇಟ್ ಐರನ್‌ವುಲ್ಫ್ ಮತ್ತು ಡಬ್ಲ್ಯುಡಿ ರೆಡ್ ಪ್ಲಸ್ ಎರಡೂ ಸಿಎಂಆರ್. ಡಬ್ಲ್ಯುಡಿಯಲ್ಲಿ ‘ಪ್ಲಸ್’ ಎಂಬ ಪದವನ್ನು ಕಣ್ಣಾರೆ ನೋಡಿಯೇ ತನ್ನಿ. ಬರೀ ‘ರೆಡ್’ ಹೆಸರಿನ 2ರಿಂದ 6 ಟಿಬಿ ಡಿಸ್ಕುಗಳಲ್ಲಿ ಎಸ್‌ಎಂಆರ್ ಇದೆ. 4 ಟಿಬಿ ಮತ್ತು 8 ಟಿಬಿಯ ಸಾಮಾನ್ಯ ಬ್ಯಾರಕುಡಾ ಕೂಡ ಎಸ್‌ಎಂಆರ್. ‘ಎರಡೂ ಒಂದೇ, ಇದು ಅಗ್ಗ’ ಎಂದು ಅಂಗಡಿಯವರು ಹೇಳಿದರೆ ಮಾದರಿ ಸಂಖ್ಯೆ ಬರೆದುಕೊಂಡು ಬಂದು ತಯಾರಕರ ಪಟ್ಟಿಯಲ್ಲಿ ನೋಡಿ. ಐರನ್‌ವುಲ್ಫ್, ರೆಡ್ ಪ್ಲಸ್‌ಗಳಿಗೆ 3 ವರ್ಷದ ವಾರಂಟಿ, ಐರನ್‌ವುಲ್ಫ್ ಪ್ರೊಗೆ 5. ಡಿಸ್ಕಿನ ಸೀರಿಯಲ್ ಸಂಖ್ಯೆಯನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿ, ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಅದೇ ದಿನ ಖಾತ್ರಿ ಮಾಡಿಕೊಳ್ಳಿ. ಹೊರದೇಶದ ಸರಕಾದರೆ ಕೆಟ್ಟಾಗ ಬದಲಿ ಸಿಗುವುದಿಲ್ಲ.

ಎರಡು ಡಿಸ್ಕನ್ನೂ ಒಂದೇ ಅಂಗಡಿಯಿಂದ ಒಂದೇ ದಿನ ತರಬೇಡಿ. ಒಂದೇ ತಂಡದಲ್ಲಿ ತಯಾರಾದವು ಒಂದೇ ದೋಷ ಹೊತ್ತಿರಬಹುದು, ಒಂದೇ ಕಾಲಕ್ಕೆ ಕೆಡಬಹುದು. ಒಂದನ್ನು ಹುಬ್ಬಳ್ಳಿಯಿಂದ ತಂದು ಇನ್ನೊಂದನ್ನು ಆನ್‌ಲೈನಿನಲ್ಲಿ ತರಿಸಿದರೂ ಆಯಿತು. ಕೊರಿಯರಿನಲ್ಲಿ ಬಂದದ್ದು ಬಬಲ್ ಹೊದಿಕೆ ಇಲ್ಲದೆ ಪೆಟ್ಟಿಗೆಯೊಳಗೆ ಗಡಗಡ ಎನ್ನುತ್ತಿದ್ದರೆ ಬಳಸಲೇ ಬೇಡಿ, ಹಿಂದಿರುಗಿಸಿ.

ಡಿಸ್ಕು ತನ್ನ ಆರೋಗ್ಯವನ್ನು ತಾನೇ ದಾಖಲಿಸುವ ವ್ಯವಸ್ಥೆಗೆ ಸ್ಮಾರ್ಟ್ ಎನ್ನುತ್ತಾರೆ. ಫೈಲು ಹಾಕುವ ಮೊದಲು ಪ್ರತಿ ಡಿಸ್ಕಿಗೂ ಸ್ಮಾರ್ಟ್‌ನ ದೀರ್ಘ ಪರೀಕ್ಷೆ ಓಡಿಸಿ. 4 ಟಿಬಿಗೆ ಏಳೆಂಟು ಗಂಟೆ ಹಿಡಿದೀತು. ನಂತರ ಇಡೀ ಡಿಸ್ಕನ್ನು ಒಮ್ಮೆ ಬರೆದು ಓದಿ, ಮತ್ತೆ ಸ್ಮಾರ್ಟ್ ವರದಿ ತೆರೆಯಿರಿ. ನೋಡಬೇಕಾದ ಸಾಲುಗಳು 5, 197 ಮತ್ತು 198, ಇವು ಡಿಸ್ಕಿನ ಕೆಟ್ಟ ಜಾಗಗಳ ಎಣಿಕೆ. ಹೊಸ ಡಿಸ್ಕಿನಲ್ಲಿ ಈ ಮೂರರ ‘ರಾ ವ್ಯಾಲ್ಯೂ’ ಸೊನ್ನೆಯಾಗಿರಬೇಕು. ಒಂದೇ ಒಂದು ಬಂದರೂ ಹಿಂದಿರುಗಿಸುವ ಅವಧಿಯೊಳಗೆ ಕೊಟ್ಟುಬಿಡಿ. 199ನೆಯ ಸಾಲು ಬೇರೆ ಕಥೆ. ಅದು ಏರುತ್ತಿದ್ದರೆ ದೋಷ ಬಹುಮಟ್ಟಿಗೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನದು ಅಥವಾ ಅದರ ತುದಿಯದು. ಕಾರವಾರ, ಅಂಕೋಲಾ, ಹೊನ್ನಾವರದ ಉಪ್ಪುಗಾಳಿಗೆ ತುದಿಗಳು ಕಿಲುಬು ಹಿಡಿಯುವುದುಂಟು. ಡಿಸ್ಕು ಎಸೆಯುವ ಮೊದಲು ಹೊಸ ಕೇಬಲ್ಲು ಹಾಕಿ ನೋಡಿ, ಎಣಿಕೆ ನಿಂತರೆ ಡಿಸ್ಕು ಉಳಿಯಿತು.

ಕರೆಂಟು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಣ ಉಳಿಸಬಾರದ ಎರಡನೆಯ ಜಾಗ ಇದು. ಏಪ್ರಿಲ್–ಮೇ ತಿಂಗಳ ಗುಡುಗುಮಳೆ, ಆಮೇಲೆ ಜಡಿಮಳೆಯಲ್ಲಿ ಲೈನಿನ ಮೇಲೆ ಬೀಳುವ ಮರ, ಮತ್ತೆ ಅಕ್ಟೋಬರಿನ ಸಿಡಿಲು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಕರೆಂಟು ಹೋದರೆ ಬರುವ ಹೊತ್ತು ಹೇಳಲಾಗದು. ಹೋಗುವುದಕ್ಕಿಂತ, ಹೋಗಿ ಬಂದು ಮತ್ತೆ ಹೋಗುವುದೇ ಡಿಸ್ಕಿಗೆ ಹೆಚ್ಚು ಅಪಾಯ.

ಲೈನ್ ಇಂಟರ್‌ಆಕ್ಟಿವ್ ಬಗೆಯ (ವೋಲ್ಟೇಜಿನ ಸಣ್ಣ ಏರಿಳಿತವನ್ನು ಬ್ಯಾಟರಿ ಬಳಸದೆಯೇ ಸರಿಪಡಿಸುವ), ಯುಎಸ್‌ಬಿ ಪೋರ್ಟ್ ಇರುವ ಯುಪಿಎಸ್ ಕೊಳ್ಳಿ. ಅಗ್ಗದ 600 ವಿಎ ಮಾದರಿಗಳಲ್ಲಿ ಅನೇಕಕ್ಕೆ ಆ ಪೋರ್ಟ್ ಇರುವುದಿಲ್ಲ, ಪೆಟ್ಟಿಗೆಯ ಹಿಂಬದಿ ನೋಡಿಯೇ ತನ್ನಿ. ಅದಿಲ್ಲದಿದ್ದರೆ ಬ್ಯಾಟರಿ ಮುಗಿಯುತ್ತಿದೆ ಎಂದು ಸರ್ವರಿಗೆ ತಿಳಿಯುವ ದಾರಿಯೇ ಇಲ್ಲ. 12 ವೋಲ್ಟ್ 7 ಆಂಪ್-ಅವರ್ ಬ್ಯಾಟರಿಯ ಯುಪಿಎಸ್, 30 ವಾಟ್ ಎಳೆಯುವ ಸರ್ವರನ್ನು ಹೊಸದಿದ್ದಾಗ ಮುಕ್ಕಾಲು ಗಂಟೆಯ ಆಸುಪಾಸು ನಡೆಸುತ್ತದೆ. ನಮ್ಮ ಸೆಖೆಗೆ ಎರಡು-ಮೂರು ವರ್ಷದಲ್ಲಿ ಬ್ಯಾಟರಿ ಸೋಲುತ್ತದೆ. ಎನ್‌ಯುಟಿ ಎಂಬ ಉಚಿತ ತಂತ್ರಾಂಶದಲ್ಲಿ, ಕರೆಂಟು ಹೋಗಿ ಹತ್ತು ನಿಮಿಷಕ್ಕೆ ಸರ್ವರ್ ತಾನೇ ಮುಚ್ಚಿಕೊಳ್ಳುವಂತೆ ಹೇಳಿಡಿ. ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ ಕರೆಂಟು ಬಂದೊಡನೆ ಆನ್ ಆಗುವ ಆಯ್ಕೆ ಒತ್ತಿ. ಇಲ್ಲೊಂದು ಸಿಕ್ಕು ಇದೆ: ಸರ್ವರ್ ಮುಚ್ಚಿಕೊಳ್ಳುತ್ತಿರುವಾಗಲೇ ಕರೆಂಟು ಬಂದುಬಿಟ್ಟರೆ, ಯುಪಿಎಸ್ ಆಫ್ ಆಗಿರುವುದಿಲ್ಲವಾದ್ದರಿಂದ ಯಂತ್ರ ಮತ್ತೆ ಏಳುವುದಿಲ್ಲ. ಮುಚ್ಚಿದ ಮೇಲೆ ಯುಪಿಎಸ್ ತನ್ನ ಹೊರಹರಿವನ್ನೂ ಒಮ್ಮೆ ಕಡಿದು ಮತ್ತೆ ಕೊಡುವಂತೆ ಎನ್‌ಯುಟಿಯಲ್ಲೇ ಹೇಳಬೇಕು.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಯುಪಿಎಸ್ಸನ್ನು ಆ ಲೈನಿಗೇ ಸಿಕ್ಕಿಸಬಹುದು. ಇನ್ವರ್ಟರಿನ ಬ್ಯಾಟರಿ ತೀರಿದ ಮೇಲೆಯೇ ಯುಪಿಎಸ್ ಕೆಲಸ ಶುರುಮಾಡುತ್ತದೆ. ಆದರೆ ಅದು ಸೈನ್‌ವೇವ್ ಇನ್ವರ್ಟರ್ ಆಗಿರಬೇಕು. ಹಳೆಯ ಸ್ಕ್ವೇರ್‌ವೇವ್ ಇನ್ವರ್ಟರಿನ ಕರೆಂಟನ್ನು ಕೆಲವು ಯುಪಿಎಸ್‌ಗಳು ಒಪ್ಪದೆ ಟಕ್ ಟಕ್ ಎಂದು ಬ್ಯಾಟರಿಗೆ ಹಾರುತ್ತಲೇ ಇರುತ್ತವೆ.

ಸಿಡಿಲಿಗೆ ಯುಪಿಎಸ್ ಸಾಲದು. ಮೇನ್ ಬೋರ್ಡಿನಲ್ಲಿ ಮಿತಿಮೀರಿದ ವೋಲ್ಟೇಜನ್ನು ನೆಲಕ್ಕೆ ಹರಿಸುವ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದಕ್ಕೂ ಮೊದಲು ಅರ್ತಿಂಗ್ ಅಳತೆ ಮಾಡಿಸಿ, 5 ಓಮ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು. ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ಸೋಲುತ್ತದೆ. ಮೊದಲ ಗುಡುಗಿನ ಹೊತ್ತಿಗೆ ನೆಲ ಒಣಗೇ ಇರುತ್ತದೆ ಎಂಬುದನ್ನು ನೆನಪಿಟ್ಟು ಮಾರ್ಚಿನಿಂದಲೇ ಆ ಗುಂಡಿಗೆ ನೀರು ಹಾಕಿ. ಮನೆಯಿಂದ ಅಡಿಕೆ ಮನೆಗೋ ಕೊಟ್ಟಿಗೆಯ ಕ್ಯಾಮೆರಾಕ್ಕೋ ಅಂಗಳ ದಾಟಿ ತಾಮ್ರದ ನೆಟ್‌ವರ್ಕ್ ಕೇಬಲ್ಲು ಎಳೆದಿದ್ದರೆ ಸಿಡಿಲಿಗೆ ಅದೇ ಹೆದ್ದಾರಿ. ಅಲ್ಲಿ ಲೋಹದ ತಂತಿಯಿಲ್ಲದ ಫೈಬರ್ ಎಳೆದು ಎರಡೂ ತುದಿಗೆ, ಫೈಬರನ್ನು ತಾಮ್ರದ ಕೇಬಲ್ಲಿಗೆ ಹೊಂದಿಸುವ ಮೀಡಿಯಾ ಕನ್ವರ್ಟರ್ ಹಾಕಿ.

ಯಂತ್ರ

ಪ್ರೊಸೆಸರಿನ ಬಗ್ಗೆ ಜನ ಅತಿಯಾಗಿ ಯೋಚಿಸುತ್ತಾರೆ. ಫೈಲು ಇಟ್ಟು ಕೊಡುವ ಕೆಲಸಕ್ಕೆ ಶಕ್ತಿ ಬೇಕಿಲ್ಲ. ಸರ್ವರಿನ ಸಿನಿಮಾ, ಹಾಡನ್ನು ಟಿವಿಗೆ ಕಳಿಸುವ ಜೆಲ್ಲಿಫಿನ್‌ನಂಥ ತಂತ್ರಾಂಶದಲ್ಲಿ, ಟಿವಿಗೆ ಅರ್ಥವಾಗದ ವಿಡಿಯೋವನ್ನು ಓಡುತ್ತಿರುವಾಗಲೇ ಬೇರೆ ರೂಪಕ್ಕೆ ತಿರುಗಿಸಬೇಕಾದಾಗ ಮಾತ್ರ ಬೇಕು. ಇಂಟೆಲ್ ಎನ್100ರಲ್ಲಿ ಆ ಕೆಲಸಕ್ಕೆ ಪ್ರತ್ಯೇಕ ಭಾಗವೇ ಇದೆ. ನಾಲ್ಕು ಕೋರಿನ ಈ 6 ವಾಟ್ ದರ್ಜೆಯ ಚಿಪ್ಪು ಮನೆಗೆ ಧಾರಾಳ. 8 ಜಿಬಿ ರ‍್ಯಾಮ್ ಸಾಕು, ಫೋಟೋ ಗುರುತಿಸುವ ಇಮ್ಮಿಚ್ ಹಾಕುವುದಾದರೆ 16. ಆಪರೇಟಿಂಗ್ ಸಿಸ್ಟಮಿಗೆ 128 ಅಥವಾ 256 ಜಿಬಿಯ ಎಸ್‌ಎಸ್‌ಡಿ ಬೇರೆಯೇ ಇರಲಿ.

ಹಳೆಯ ಕಚೇರಿ ಕಂಪ್ಯೂಟರ್ ಕೊಳ್ಳುವವರು 8ನೆಯ ತಲೆಮಾರಿನ ಐ3 ಅಥವಾ ಐ5 ಹುಡುಕಿ. 6ನೆಯದರಲ್ಲಿ, ವಿಡಿಯೋವನ್ನು ಕುಗ್ಗಿಸಿಡುವ ಒಂದು ಬಗೆಯಾದ 10-ಬಿಟ್ ಎಚ್‌ಇವಿಸಿ ಹಾರ್ಡ್‌ವೇರಿನಲ್ಲಿ ಪೂರ್ತಿ ಆಗುವುದಿಲ್ಲ. ಅಂಗೈಯಗಲದ ಮಿನಿ ಡಬ್ಬಿಗಳಲ್ಲಿ 3.5 ಇಂಚಿನ ಡಿಸ್ಕು ಹಿಡಿಯುವುದಿಲ್ಲ. ಟವರ್ ಮಾದರಿಯನ್ನೇ ನೋಡಿ, ಎರಡು ಡಿಸ್ಕಿನ ಜಾಗ ಮತ್ತು ಎರಡು ಸಾಟಾ ಕರೆಂಟು ತುದಿ ಇವೆಯೇ ಎಂದು ಮುಚ್ಚಳ ತೆಗೆಸಿ ನೋಡಿ. ರಾಸ್‌ಬೆರಿ ಪೈ 5 ಎಂಬ ಪುಟ್ಟ ಕಂಪ್ಯೂಟರ್ ಬ್ಯಾಕಪ್ಪಿಗೆ ಸರಿ, ವಿಡಿಯೋ ತಿರುಗಿಸುವುದಕ್ಕಲ್ಲ: ಅದರಲ್ಲಿ ವಿಡಿಯೋ ಎನ್‌ಕೋಡರ್ ಇಲ್ಲ.

ಡಿಸ್ಕು ತಿರುಗಲು ಶುರುವಾಗುವ ಕ್ಷಣದಲ್ಲಿ ತಲಾ 2 ಆಂಪಿನಷ್ಟು ಎಳೆಯುತ್ತದೆ, 12 ವೋಲ್ಟಿಗೆ 24 ವಾಟ್. ಎರಡಕ್ಕೆ 48, ಬೋರ್ಡಿಗೆ 15–20. ಹಾಗಾಗಿ 12 ವೋಲ್ಟ್ 5 ಆಂಪಿನ ಅಡಾಪ್ಟರ್ ಹಾಕಿದರೆ ಯಂತ್ರ ಒಮ್ಮೊಮ್ಮೆ ಏಳುತ್ತದೆ, ಒಮ್ಮೊಮ್ಮೆ ಒಂದು ಡಿಸ್ಕು ಮಾಯ. 8 ಆಂಪಿಗಿಂತ ಕಡಿಮೆ ಬೇಡ. ಅಚ್ಚುಹಾಕಿದ ಪ್ಲಾಸ್ಟಿಕ್ ತುದಿಯ ಅಗ್ಗದ ಮೊಲೆಕ್ಸ್–ಸಾಟಾ ಕನ್ವರ್ಟರ್ (ಹಳೆಯ ಬಗೆಯ ಕರೆಂಟು ತುದಿಯನ್ನು ಡಿಸ್ಕಿಗೆ ಹೊಂದಿಸುವ ತುಂಡು) ಬಳಸಲೇಬೇಡಿ, ಅವು ಒಳಗೇ ಶಾರ್ಟ್ ಆಗಿ ಕರಗಿ ಬೆಂಕಿ ಹತ್ತಬಹುದು. ಯುಎಸ್‌ಬಿಯಲ್ಲಿ ಸಿಕ್ಕಿಸುವ ಎರಡು-ನಾಲ್ಕು ಡಿಸ್ಕಿನ ಪೆಟ್ಟಿಗೆಯ ಮೇಲೆ ಮಿರರ್ ಕಟ್ಟುವುದೂ ಬೇಡ. ಸಂಪರ್ಕ ಅರೆಕ್ಷಣ ತಪ್ಪಿದರೆ ಮಿರರ್ ಒಡೆದಂತೆಯೇ ಲೆಕ್ಕ. ಸಾಟಾ ಪೋರ್ಟ್ ಸಾಲದಿದ್ದರೆ ಎಎಸ್‌ಎಂ1166 ಅಥವಾ ಜೆಎಂಬಿ585 ಚಿಪ್ಪಿನ ಕಾರ್ಡು ಹಾಕಿ.

ಇಪ್ಪತ್ನಾಲ್ಕು ಗಂಟೆಯೂ 25 ವಾಟ್ ಎಳೆದರೆ ತಿಂಗಳಿಗೆ 18 ಯೂನಿಟ್. 60 ವಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪಿಗೆ 43. ಪುಕ್ಕಟೆ ಸಿಕ್ಕ ಕಂಪ್ಯೂಟರು ಯಾವಾಗಲೂ ಅಗ್ಗವಲ್ಲ.

ಎಲ್ಲಿ ಇಡಬೇಕು

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆಯ ಕರಾವಳಿಯಲ್ಲಿ ಮಳೆಗಾಲವೆಂದು ಸರ್ವರ್ ಆಫ್ ಮಾಡಿಡುವುದು ತಪ್ಪು. ಓಡುತ್ತಿರುವ ಯಂತ್ರ ಸುತ್ತಲಿನ ಗಾಳಿಗಿಂತ ನಾಲ್ಕಾರು ಡಿಗ್ರಿ ಬೆಚ್ಚಗಿರುತ್ತದೆ, ತೇವ ಅದರೊಳಗೆ ಕೂರುವುದಿಲ್ಲ. ಉಪ್ಪು ಬೆರೆತ ಧೂಳು ತಣ್ಣಗಿನ ಬೋರ್ಡಿನ ಮೇಲೆ ನೀರು ಹೀರಿಕೊಂಡಾಗಲೇ ಕಿಲುಬು ಶುರು. ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತರೂ ಆಮೇಲೆ ಮತ್ತೆ ಹಾಕಿ.

ಹಂಚಿನ ಮನೆಯ ಮೆತ್ತು ಬೇಸಿಗೆಯಲ್ಲಿ ಕಾಯುತ್ತದೆ, ಮಳೆಗಾಲದಲ್ಲಿ ಸೋರುತ್ತದೆ. ಬಚ್ಚಲ ಒಲೆಯ ಹೊಗೆ, ಅಡಿಕೆ ಬೇಯಿಸುವ ಹೊಗೆ ಬರುವ ಕೋಣೆಯೂ ಬೇಡ. ಒಳಗಿನ ಗೋಡೆಗೆ ನೆಲದಿಂದ ಮೂರಡಿ ಎತ್ತರದ ತೆರೆದ ಹಲಗೆ ಸರಿಯಾದ ಜಾಗ. ಮರದ ಕಪಾಟಿನೊಳಗೆ ಗಾಳಿಯಾಡದು, ಒರಲೆಯೂ ಬಂದೀತು. ನಿಧಾನ ತಿರುಗುವ 120 ಮಿಲಿಮೀಟರ್ ಫ್ಯಾನು ಡಿಸ್ಕಿನ ಎದುರಿಗಿರಲಿ, ಡಿಸ್ಕಿನ ಶಾಖ 45 ಡಿಗ್ರಿ ಮೀರದಿರಲಿ. ಎಲ್ಲ ಕಿಂಡಿಗೂ ಸಣ್ಣ ಜಾಲರಿ ಕಟ್ಟಿ. ಪವರ್ ಸಪ್ಲೈ ಒಳಗೆ ಹಲ್ಲಿ ಸೇರಿ ಶಾರ್ಟ್ ಆಗುವುದು ನಮ್ಮಲ್ಲಿ ಅಪರೂಪವಲ್ಲ.

ಚಿರೇಕಲ್ಲಿನ ಗೋಡೆ ದಾಟುವಾಗ ವೈಫೈ ಕುಗ್ಗುತ್ತದೆ, ಸರ್ವರಿಗೆ ಕೇಬಲ್ಲೇ ಇರಲಿ. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 110 ಎಂಬಿ ಹೋಗುತ್ತದೆ, 4 ಟಿಬಿ ತುಂಬಲು ಹತ್ತು ಗಂಟೆ. ರೌಟರಿನ ಪೋರ್ಟ್ ಹಳೆಯ 100 ಎಂಬಿಪಿಎಸ್‌ನದಾದರೆ ಅದೇ ಕೆಲಸಕ್ಕೆ ನಾಲ್ಕು ದಿನ. ಕೇಬಲ್ಲು ಕ್ಯಾಟ್ 6, ಶುದ್ಧ ತಾಮ್ರದ್ದೇ ಎಂದು ಕೇಳಿ ತನ್ನಿ.

ಇನ್ನೊಂದು ಪ್ರತಿ

ಮಿರರ್ ಎಂದರೆ ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ ಫೋಟೋ ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ, ಸಿಡಿಲು ಎರಡನ್ನೂ ಒಟ್ಟಿಗೇ ಸುಡುತ್ತದೆ. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ಉಕ್ಕಿದಾಗ ನದಿಯಂಚಿನ ಮನೆಗಳಿಗೆ ನೀರು ನುಗ್ಗಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಎಡಗಡೆಯ ಪಟ್ಟಿಯದ್ದು ಬೇರೆ ಊರಿನಲ್ಲೂ ಇರಲೇಬೇಕು.

ಸುಲಭದ ದಾರಿ, 4 ಅಥವಾ 5 ಟಿಬಿಯ ಪೋರ್ಟಬಲ್ ಡಿಸ್ಕು ಎರಡು. ಇವು ಹೆಚ್ಚುಕಡಿಮೆ ಎಲ್ಲವೂ ಎಸ್‌ಎಂಆರ್, ಆದರೆ ಸಾಲಾಗಿ ಬರೆದಿಡುವ ಬ್ಯಾಕಪ್ಪಿಗೆ ತೊಂದರೆಯಿಲ್ಲ. ಒಂದು ಮನೆಯಲ್ಲಿ, ಇನ್ನೊಂದು ಘಟ್ಟದ ಮೇಲಿನ ಅಥವಾ ಕೆಳಗಿನ ನೆಂಟರ ಮನೆಯಲ್ಲಿ, ಹಬ್ಬಕ್ಕೋ ತೇರಿಗೋ ಹೋದಾಗ ಅದಲುಬದಲು. ಪಾಸ್‌ವರ್ಡ್ ಇಲ್ಲದೆ ಯಾರೂ ತೆರೆಯದಂತೆ ಗೂಢಲಿಪಿ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾದರೆ 120 ಡಿಗ್ರಿ ಶಾಖದಲ್ಲಿ ಒಂದೆರಡು ತಾಸು ಒಣಗಿಸಿ ಮತ್ತೆ ಬಳಸಬಹುದು. ಮೂರು ತಿಂಗಳಿಗೊಮ್ಮೆ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿ ಓಡಿಸಿ.

ನೆಂಟರ ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದ್ದರೆ ಅಲ್ಲೊಂದು ಸಣ್ಣ ಸರ್ವರ್ ಇಟ್ಟು, ಎರಡು ಊರಿನ ಯಂತ್ರಗಳನ್ನು ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಮೂಲಕ ರಾತ್ರಿ ಕಳಿಸಬಹುದು. ಮೊದಲ ಪ್ರತಿಯನ್ನು ಮಾತ್ರ ಮನೆಯಲ್ಲೇ ತುಂಬಿಸಿ ಕೈಯಲ್ಲಿ ಒಯ್ಯಿರಿ. 30 ಎಂಬಿಪಿಎಸ್ ಅಪ್‌ಲೋಡಿನಲ್ಲಿ 500 ಜಿಬಿ ಕಳಿಸಲು ನಡುವೆ ಕಡಿಯದಿದ್ದರೂ 37 ಗಂಟೆ ಬೇಕು, ಮಳೆಗಾಲದಲ್ಲಿ ಕಡಿಯದೆ ಇರದು. ಅಲ್ಲಿ ಸಿಕ್ಕಿಸಿದ ದಿನವೇ ಒಂದು ಮದುವೆಯ ಫೋಲ್ಡರನ್ನು ಆ ಪ್ರತಿಯಿಂದ ಬೇರೊಂದು ಲ್ಯಾಪ್‌ಟಾಪಿಗೆ ಇಳಿಸಿ, ನಾಲ್ಕು ವಿಡಿಯೋ ಕೊನೆಯವರೆಗೆ ಓಡಿಸಿ ನೋಡಿ. ಆಮೇಲೆ ಆ ಫೈಲುಗಳಿದ್ದ ಹಳೆಯ ಪೆನ್‌ಡ್ರೈವು ಅಳಿಸಿ.