ತೋಟದ ಕತ್ತಲಿಗೆ ಥರ್ಮಲೋ, ನೈಟ್ ವಿಷನ್ನೋ: ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಅಡೂರು, ದೇಲಂಪಾಡಿ ಕಡೆಗೆ ತೋಟ ಇರುವವರಿಗೆ ರಾತ್ರಿ ಹೊರಗಿಳಿಯದೆ ನಿರ್ವಾಹವಿಲ್ಲ. ಬೇಸಗೆಯಲ್ಲಿ ಹಗಲು ವೋಲ್ಟೇಜ್ ಸಾಲುವುದಿಲ್ಲ, ಪಂಪು ಓಡುವುದು ರಾತ್ರಿಯೇ. ಸ್ಪ್ರಿಂಕ್ಲರಿನ ವಾಲ್ವ್ ತಿರುಗಿಸಲು ಯಾರಾದರೂ ಹೋಗಬೇಕು. ಬಾಳೆ, ಮರಗೆಣಸು ಇದ್ದಲ್ಲಿಗೆ ಹಂದಿ ಬರುತ್ತದೆ. ಹಲಸು ಹಣ್ಣಾಗುವ ಕಾಲಕ್ಕೆ ಆನೆ. ಕಾರಡ್ಕ ಬ್ಲಾಕ್ ಪಂಚಾಯತಿನ ಮುತುವರ್ಜಿಯಿಂದ ಕಾಡಿನಂಚಿಗೆ ತೂಗುವ ಸೋಲಾರ್ ಬೇಲಿ ಬಂದಮೇಲೆ ಆನೆಯ ಹೆದರಿಕೆ ತಗ್ಗಿದೆ, ಪೂರ್ತಿ ಹೋಗಿಲ್ಲ. ಕಾಟಿ, ಅಂದರೆ ಕಾಡುಕೋಣ, ಮೊದಲಿಂದಲೂ ಉಂಟು. ಈಚೆಗೆ ಚಿರತೆಯ ಮಾತೂ ಸೇರಿಕೊಂಡಿದೆ.

ಟಾರ್ಚು ಇದ್ದರೆ ಸಾಲದೇ ಎಂದು ಕೇಳುವವರು ಅಡಿಕೆ ತೋಟದಲ್ಲಿ ರಾತ್ರಿ ನಿಂತು ನೋಡಬೇಕು. ಬೆಳಕು ಬಿಟ್ಟ ಕೂಡಲೇ ಹತ್ತಿರದ ಮರಗಳೇ ಹೊಳೆದು ಅವುಗಳ ಹಿಂದೆ ಇನ್ನೂ ದಪ್ಪ ಕತ್ತಲೆ ಕಟ್ಟುತ್ತದೆ. ಪ್ರಾಣಿಗೆ ನಾವು ಎಲ್ಲಿದ್ದೇವೆಂದು ಗೊತ್ತಾಗುತ್ತದೆ, ನಮಗೆ ಅದು ಎಲ್ಲುಂಟೆಂದು ಗೊತ್ತಾಗುವುದಿಲ್ಲ.

ಕತ್ತಲಲ್ಲಿ ನೋಡುವ ಉಪಕರಣ ಹುಡುಕಲು ಹೊರಟೆ. ಅಂಗಡಿಯಲ್ಲೂ ಆನ್‌ಲೈನಿನಲ್ಲೂ 'ನೈಟ್ ವಿಷನ್' ಎಂಬ ಒಂದೇ ಹೆಸರಿನಡಿ ಸಂಬಂಧವೇ ಇಲ್ಲದ ಮೂರು ವಸ್ತುಗಳನ್ನು ಮಾರುತ್ತಾರೆ. ಮೊದಲನೆಯದು ಸೈನ್ಯದವರ ಚಿತ್ರಗಳಲ್ಲಿ ಹಸಿರಾಗಿ ಕಾಣುವ ಟ್ಯೂಬಿನದು. ನಕ್ಷತ್ರದ ಅಲ್ಪ ಬೆಳಕನ್ನು ಎಲೆಕ್ಟ್ರಾನ್‌ಗಳಾಗಿಸಿ, ಹೆಚ್ಚಿಸಿ, ಪುನಃ ಬೆಳಕಾಗಿ ತೋರಿಸುವ ಕೆಲಸ ಅದರದು. ಒಳ್ಳೆಯ ಟ್ಯೂಬುಗಳ ಮೇಲೆ ಅಮೆರಿಕ ಮೊದಲಾದ ದೇಶಗಳ ರಫ್ತು ನಿರ್ಬಂಧ ಉಂಟು, ಬೆಲೆಯೂ ಕೃಷಿಕರ ಕೈಗೆಟಕುವಂಥದ್ದಲ್ಲ. ಅದನ್ನು ಅಲ್ಲಿಗೇ ಬಿಟ್ಟೆ. ಎರಡನೆಯದು ಡಿಜಿಟಲ್. ಮೊಬೈಲಿನಲ್ಲಿರುವಂಥದೇ ಕ್ಯಾಮರಾ ಸೆನ್ಸರ್, ಜೊತೆಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ. ಅಂದರೆ ಇದೂ ಟಾರ್ಚೇ, ನಮಗೆ ಮಾತ್ರ ಕಾಣುವ ಟಾರ್ಚು. ಮೂರನೆಯದು ಥರ್ಮಲ್. ಇದಕ್ಕೆ ಬೆಳಕು ಬೇಡವೇ ಬೇಡ. ಎಲ್ಲ ವಸ್ತುಗಳಿಂದ ಹೊರಡುವ ಶಾಖದ ಕಿರಣವನ್ನು, 8ರಿಂದ 14 ಮೈಕ್ರಾನ್ ಅಲೆಯುದ್ದದ್ದನ್ನು, ಹಿಡಿದು ಚಿತ್ರ ಮಾಡುತ್ತದೆ. ಆ ಕಿರಣ ಸಾಮಾನ್ಯ ಗಾಜಿನಲ್ಲಿ ದಾಟದ ಕಾರಣ ಇದರ ಲೆನ್ಸು ಹೆಚ್ಚಾಗಿ ಜರ್ಮೇನಿಯಮ್‌ನದು, ಬೆಲೆಯ ಒಂದು ಪಾಲು ಅಲ್ಲಿಗೇ ಹೋಗುತ್ತದೆ. ಡಿಜಿಟಲಿಗೆ ಕೊಡುವ ಹಣದ ನಾಲ್ಕೈದು ಪಟ್ಟು ಇಲ್ಲಿ ಕೊಡಬೇಕಾಗುತ್ತದೆ.

ಅಷ್ಟು ಹಣ ಹಾಕುವ ಮೊದಲು ಎರಡನ್ನೂ ನಮ್ಮದೇ ಜಾಗದಲ್ಲಿ ನೋಡಬೇಕೆನಿಸಿತು. ಪುತ್ತೂರಿನ ಸ್ನೇಹಿತರಲ್ಲಿ ಡಿಜಿಟಲ್ ಇತ್ತು, ಮಡಿಕೇರಿ ಕಡೆ ಕಾಫಿ ತೋಟ ಇರುವ ಬಂಧುವಿನಲ್ಲಿ ಸಣ್ಣ ಥರ್ಮಲ್ ಇತ್ತು. ಎರಡನ್ನೂ ಕೇಳಿ ತಂದೆ.

ಡಿಜಿಟಲನ್ನು ಗುಡ್ಡೆಯ ಮೇಲಿನ ಪಾರೆಯಲ್ಲಿ (ಬಂಡೆಗಲ್ಲಿನ ಬಯಲಲ್ಲಿ) ಹಿಡಿದಾಗ ಇದೇ ಸಾಕು ಅನಿಸಿದ್ದು ನಿಜ. ಆಚೆ ಬದಿಯ ಮುಳ್ಳುಪೊದೆ, ಬೇಲಿಯ ತಂತಿ, ನಾಯಿಯ ಮುಖ, ಎಲ್ಲ ಸ್ಪಷ್ಟ. ತೋಟಕ್ಕೆ ಇಳಿದಾಗ ಕತೆ ಬೇರೆ. ಹಸಿರೆಲೆ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ಹಿಂದಕ್ಕೆ ಹೊಡೆಯುತ್ತದೆ. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಆ ಬಿಳುಪಿಗೆ ಕ್ಯಾಮರಾ ತನ್ನನ್ನು ಹೊಂದಿಸಿಕೊಂಡಿತು, ಮೂರನೆಯ ಸಾಲಿನಿಂದಾಚೆ ಏನೂ ಇಲ್ಲ. ದೀಪದ ಶಕ್ತಿ ಹೆಚ್ಚಿಸಿದರೆ ಬಳ್ಳಿ ಇನ್ನಷ್ಟು ಬಿಳಿ, ಕತ್ತಲೆ ಇನ್ನಷ್ಟು ಕಪ್ಪು.

ಇನ್ನೊಂದು ಸಂಗತಿ ಇದೆ, ಮಾರುವವರು ಹೇಳುವುದಿಲ್ಲ. ಡಿಜಿಟಲಿನಲ್ಲಿ ಪ್ರಾಣಿ ಸಿಗುವುದು ಹೆಚ್ಚಾಗಿ ಕಣ್ಣಿನ ಹೊಳಪಿನಿಂದ. ಬೆಕ್ಕು, ಪುನುಗು, ಚಿರತೆ, ಜಿಂಕೆಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ತಿರುಗಿ ಕಳಿಸುವ ಪದರವೊಂದಿದೆ, ಅದು ಮಿಂಚುತ್ತದೆ. ಹಂದಿಯ ಕಣ್ಣಿನಲ್ಲಿ ಆ ಪದರ ಇಲ್ಲ. ನಮಗೆ ಅತಿ ಹೆಚ್ಚು ನಷ್ಟ ಮಾಡುವ ಪ್ರಾಣಿಯೇ ಮಿಂಚದಿದ್ದರೆ ಏನು ಮಾಡುವುದು!

ಥರ್ಮಲ್ ಹಿಡಿದ ರಾತ್ರಿ ಅದೇ ತೋಟದ ಅದೇ ಸಾಲಿನಲ್ಲಿ, ಮರಗಳ ಎಡೆಯಲ್ಲಿ ಬಿಳಿ ತುಂಡುಗಳು ಸರಿದವು. ಪೂರ್ತಿ ಹಂದಿ ಯಾವುದೂ ಕಾಣಲಿಲ್ಲ. ಒಂದೆಡೆ ಬೆನ್ನು, ಇನ್ನೊಂದೆಡೆ ಮೂತಿ, ಕೆಳಗೆ ಮರಿಗಳ ಸಾಲು. ಅಷ್ಟು ಸಾಕಿತ್ತು. ರಾತ್ರಿ ತೋಟಕ್ಕೆ ಇಳಿಯುವವನಿಗೆ ಮೊದಲು ಬೇಕಾಗಿರುವುದು ಅಲ್ಲಿ ಏನಾದರೂ ಉಂಟೋ ಇಲ್ಲವೋ ಎಂಬ ಉತ್ತರ. ಯಾವ ಪ್ರಾಣಿ, ಗಂಡೋ ಹೆಣ್ಣೋ ಎಂಬುದೆಲ್ಲ ಆಮೇಲಿನದು. ಮೊದಲ ಪ್ರಶ್ನೆಗೆ ಥರ್ಮಲ್ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಡಿಜಿಟಲ್. ನನ್ನ ಆಯ್ಕೆ ಅಲ್ಲಿಗೆ ಮುಗಿಯಿತು. ಯಾವ ಥರ್ಮಲ್ ಎಂಬುದಕ್ಕೆ ಮಾತ್ರ ಸ್ವಲ್ಪ ಲೆಕ್ಕ ಹಾಕಬೇಕಾಯಿತು.

ಥರ್ಮಲನ್ನು ಗುರುತಿಸುವುದು ಸೆನ್ಸರಿನ ಅಗಲಕ್ಕೆ ಎಷ್ಟು ಚುಕ್ಕಿ (ಪಿಕ್ಸೆಲ್) ಎಂಬ ಅಂಕೆಯಿಂದ: 256, 384, 640 ಹೀಗೆ. ಬೆಂಗಳೂರಿನಲ್ಲಿರುವ ಅಳಿಯನದು ಒಂದೇ ಹಟ. "ಮಾವ, 640ರದ್ದು ತೆಗೆದುಬಿಡಿ, ದೊಡ್ಡ ಲೆನ್ಸಿನದ್ದು. ಒಂದೂವರೆ ಕಿಲೋಮೀಟರ್ ಕಾಣ್ತದಂತೆ."

"ನಮ್ಮ ತೋಟದಲ್ಲಿ ಒಂದೂವರೆ ಕಿಲೋಮೀಟರ್ ಎಲ್ಲುಂಟು ಮಾರಾಯ?" ಎಂದೆ.

ಅಡಿಕೆ ಮರಗಳ ನಡುವಿನ ಅಂತರ 2.7 ಮೀಟರ್, ಅಂದರೆ ಒಂಬತ್ತು ಅಡಿ. ಸಾಲಿನ ನೇರಕ್ಕೆ ನಿಂತರೆ ದೂರಕ್ಕೆ ಕಾಣುತ್ತದೆ, ಓರೆಯಾಗಿ ನೋಡಿದರೆ ನಲವತ್ತೈವತ್ತು ಮೀಟರಿನಲ್ಲಿ ಮರಗಳೇ ಗೋಡೆ. ಅದರಾಚೆ ತೋರಿಸುವ ಲೆನ್ಸಿಗೆ ಹಣ ಕೊಟ್ಟು ಪ್ರಯೋಜನವಿಲ್ಲ. ಜಾಹೀರಾತಿನಲ್ಲಿ ಬರೆಯುವ ದೂರವಾದರೂ ಬಯಲಲ್ಲಿ ನಿಂತ ಆಳು ಪರದೆಯ ಮೇಲೆ ಮೂರು ನಾಲ್ಕು ಚುಕ್ಕಿಯಷ್ಟು ಕಾಣುವ ದೂರ. ಅದು ಆಳೋ ಕಂಬವೋ ಎಂದು ಹೇಳಲಿಕ್ಕಾಗದು.

ಲೆಕ್ಕ ಸುಲಭ. ಈಗಿನ ಸೆನ್ಸರುಗಳಲ್ಲಿ ಒಂದೊಂದು ಚುಕ್ಕಿಯ ಅಳತೆ ಹೆಚ್ಚಾಗಿ 12 ಮೈಕ್ರಾನ್. ಅದನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ, 100 ಮೀಟರಿಗೆ ಗುಣಿಸಬೇಕು. 10 ಮಿ.ಮೀ. ಲೆನ್ಸಾದರೆ 100 ಮೀಟರ್ ದೂರದಲ್ಲಿ ಒಂದು ಚುಕ್ಕಿಗೆ 12 ಸೆಂಟಿಮೀಟರ್ ಜಾಗ, 40 ಮೀಟರಿನಲ್ಲಿ 5 ಸೆಂಟಿಮೀಟರಿಗೂ ಕಡಿಮೆ. ಎರಡಡಿ ಎತ್ತರದ ಹಂದಿಗೆ ಹನ್ನೆರಡು ಚುಕ್ಕಿ ಸಿಗುತ್ತದೆ, ಹಂದಿಯೆಂದು ಗುರುತಿಸಲು ಧಾರಾಳ. 19 ಮಿ.ಮೀ. ಲೆನ್ಸಿನಲ್ಲಿ ಚುಕ್ಕಿ ಇನ್ನೂ ಸಣ್ಣದು, 100 ಮೀಟರಿನಲ್ಲೂ ಹಂದಿಗೆ ಹತ್ತು ಚುಕ್ಕಿ ಬೀಳುತ್ತದೆ. ಆದರೆ ನೋಟದ ಅಗಲ ಕುಗ್ಗುತ್ತದೆ. 384 ಚುಕ್ಕಿಗಳ ಸೆನ್ಸರಿಗೆ 10 ಮಿ.ಮೀ.ಯಲ್ಲಿ ಸುಮಾರು 26 ಡಿಗ್ರಿ ಅಗಲ, 19 ಮಿ.ಮೀ.ಯಲ್ಲಿ 14 ಡಿಗ್ರಿ. ಮರಗಳ ಎಡೆಯಲ್ಲಿ ಹುಡುಕುವವನಿಗೆ ಅಗಲವೇ ಮುಖ್ಯ, ಇಲ್ಲದಿದ್ದರೆ ಎಡಬಲ ತಿರುಗಿಸಿ ಕುತ್ತಿಗೆ ಸೋಲುತ್ತದೆ. 384ರ ಸೆನ್ಸರ್, 10 ಮಿ.ಮೀ. ಲೆನ್ಸು ತೆಗೆದುಕೊಂಡೆ. ಮಡಿಕೇರಿಯ ಬಂಧುವಿನದು 256ರದ್ದು. ಅದೂ ಸಾಕು, ಆದರೆ ನೋಟ ಬಿಗಿ.

ಇನ್ನೆರಡು ಅಂಕೆ ನೋಡಿದೆ. ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು ಒಂದು. 9 ಎಂದು ಬರೆದ ಅಗ್ಗದ ಮಾದರಿ ನಿಂತು ನೋಡುವ ಕೆಲಸಕ್ಕೆ ಆಗಬಹುದು, ಕೈ ಆಡಿಸಿದರೆ ಮರಗಳೆಲ್ಲ ಕಲಸಿಹೋಗುತ್ತವೆ. 25ಕ್ಕಿಂತ ಕಡಿಮೆಯದು ಬೇಡ. ಸೂಕ್ಷ್ಮತೆಯ ಅಂಕೆ ಇನ್ನೊಂದು. 40 ಮಿಲಿಕೆಲ್ವಿನ್ ಅಂದರೆ ಒಂದು ಡಿಗ್ರಿಯ ನೂರರಲ್ಲಿ ನಾಲ್ಕು ಪಾಲಿನಷ್ಟು ವ್ಯತ್ಯಾಸವನ್ನೂ ಹಿಡಿಯಬಲ್ಲದು. ಈ ಅಂಕೆ ಸಣ್ಣದಿದ್ದಷ್ಟೂ ಒಳ್ಳೆಯದು. ಒಣ ಊರಿನವರಿಗೆ ಇದು ಅಷ್ಟು ಮುಖ್ಯವಲ್ಲದಿರಬಹುದು. ನಮ್ಮಲ್ಲಿ ಜೂನ್ ಶುರುವಾದರೆ ಮರ, ಮಣ್ಣು, ಸೋಗೆ, ಗಾಳಿ ಎಲ್ಲವೂ ನೆನೆದು ಒಂದೇ ಉಷ್ಣತೆಗೆ ಬರುತ್ತವೆ, ಚಿತ್ರ ಬೂದಿ ಬಣ್ಣದ ಹಲಗೆಯಾಗುತ್ತದೆ. ಆಗ ಉಪಯೋಗಕ್ಕೆ ಬರುವುದು ಇದೇ. ಜಡಿಮಳೆಯಲ್ಲಂತೂ ಎರಡು ಬಗೆಯದೂ ಸೋಲುತ್ತವೆ. ಡಿಜಿಟಲಿನಲ್ಲಿ ಹನಿಗಳೇ ಮಿಂಚುತ್ತವೆ, ಥರ್ಮಲಿನಲ್ಲಿ ನೀರು ಶಾಖದ ಕಿರಣವನ್ನು ನುಂಗುತ್ತದೆ. ಡಿಸೆಂಬರಿನ ತೆಳು ಮಂಜಿಗೆ ಥರ್ಮಲ್ ಬಗ್ಗುವುದಿಲ್ಲ.

ಬೇಸಗೆಯದು ಬೇರೆ ತಾಪತ್ರಯ. ಮಾರ್ಚ್, ಏಪ್ರಿಲಿನಲ್ಲಿ ಮುರಕಲ್ಲಿನ ಪಾರೆ ರಾತ್ರಿ ಹತ್ತು ಗಂಟೆಯವರೆಗೂ ಕಾದೇ ಇರುತ್ತದೆ, ಅದರ ಮೇಲೆ ನಿಂತ ಪ್ರಾಣಿ ಬೇರೆಯಾಗಿ ಕಾಣುವುದು ಕಷ್ಟ. ಸ್ಪ್ರಿಂಕ್ಲರ್ ಬಿಟ್ಟ ತೋಟದಲ್ಲಿ ನೆಲ ತಂಪು, ಅಲ್ಲಿ ಅದೇ ಪ್ರಾಣಿ ಎದ್ದು ಕಾಣುತ್ತದೆ. ಕೆಸರಿನಲ್ಲಿ ಹೊರಳಿ ಬಂದ ಹಂದಿ ಅರ್ಧ ಮಾಯ. ಆನೆಯ ಮೈಯೂ ಒಂದೇ ಸಮ ಬೆಳಗುವುದಿಲ್ಲ, ಕಿವಿಯ ಭಾಗ ಕೆಲವೊಮ್ಮೆ ಬೇರೆಯೇ ಕಾಣುತ್ತದೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ, ಗೊಬ್ಬರದ ಗುಂಡಿ, ಪಂಪಿನ ಮೋಟಾರು ಇವೆಲ್ಲ ರಾತ್ರಿ ಹೊಳೆಯುತ್ತವೆ. ಮೊದಮೊದಲು ನಮ್ಮ ಜಾಗದ ಈ ಸ್ಥಿರ ಬಿಸಿಗಳನ್ನೆಲ್ಲ ನೋಡಿ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಹೊಸದೊಂದು ಬಿಳಿ ಕಂಡರೆ ಈಗ ತಟ್ಟನೆ ಗೊತ್ತಾಗುತ್ತದೆ. ಸ್ಟಾರ್ಟರ್ ಪೆಟ್ಟಿಗೆ ತೆರೆದು ನೋಡಿದಾಗ ಒಂದು ತಂತಿಯ ಜೋಡಣೆ ಮಾತ್ರ ವಿಪರೀತ ಬಿಸಿ ತೋರಿಸಿತು, ಸ್ಕ್ರೂ ಸಡಿಲವಾಗಿತ್ತು. ಇದು ಖರೀದಿಸುವಾಗ ಲೆಕ್ಕಕ್ಕೇ ಇರದ ಲಾಭ.

ಥರ್ಮಲ್ ತೋರಿಸದೇ ಇರುವುದರಲ್ಲಿ ಅತಿ ಅಪಾಯದ್ದು ಹಾವು. ಹಾವಿಗೆ ಸ್ವಂತ ಶಾಖ ಇಲ್ಲ, ಸುತ್ತಲಿನ ಮಣ್ಣಿನ ಉಷ್ಣತೆಯೇ ಅದರದೂ. ಕಾಲಬುಡದ ಕೊಳಕುಮಂಡಲ ಲಕ್ಷ ರೂಪಾಯಿಯ ಯಂತ್ರದಲ್ಲೂ ಕಾಣದೆ ಹೋಗಬಹುದು. ಕಣಿಯ (ತೋಟದ ಕಾಲುವೆಯ) ಆಳ, ಬರೆಯ (ಕಡಿದಾದ ದಿಬ್ಬದ) ಅಂಚು ಕೂಡ ಇದರಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ನನ್ನ ಕ್ರಮ ಹೀಗೆ: ಮೆಟ್ಟಿಲ ಬಳಿ ನಿಂತು ಥರ್ಮಲಿನಲ್ಲಿ ಪೂರ್ತಿ ನೋಡುವುದು, ಏನೂ ಇಲ್ಲದಿದ್ದರೆ ಅದನ್ನು ಕುತ್ತಿಗೆಗೆ ಇಳಿಬಿಟ್ಟು ಹೆಡ್‌ಲೈಟ್ ಹಾಕಿ, ಗಂಬೂಟಿನಲ್ಲಿ ನಡೆಯುವುದು, ಮುಂದಿನ ತಿರುವಿನಲ್ಲಿ ಪುನಃ ನಿಂತು ನೋಡುವುದು. ನಡೆಯುತ್ತಾ ನೋಡುವುದಿಲ್ಲ. ಪರದೆಯ ಬೆಳಕನ್ನು ತೀರಾ ಇಳಿಸಿದರೆ ಕಣ್ಣು ಕುಕ್ಕುವುದು ಕಡಿಮೆ. ಎಡಗಣ್ಣಿನಲ್ಲೇ ನೋಡುತ್ತೇನೆ, ಬಲಗಣ್ಣು ಕತ್ತಲೆಗೆ ಒಗ್ಗಿಯೇ ಇರಲಿ ಎಂದು.

ಆನೆಯೋ ಕಾಟಿಯೋ ಕಂಡರೆ ಇಳಿಯುವುದಿಲ್ಲ, ಅಷ್ಟೆ. ವಾಲ್ವ್ ಬೆಳಗ್ಗೆ ತಿರುಗಿಸಿದರಾಯಿತು. ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಾಲು ಹಾಕುತ್ತೇನೆ, ಅರಣ್ಯ ಇಲಾಖೆಯವರಿಗೂ ತಿಳಿಸುತ್ತೇನೆ. ಆ ಸಾಲನ್ನು ಕಾಯುವವರು ಮುಖ್ಯವಾಗಿ ರಬ್ಬರ್ ಟ್ಯಾಪಿಂಗಿನವರು. ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಒಬ್ಬೊಬ್ಬರೇ ಹೊರಡುವವರು ಅವರು.

ಕೋವಿಯ ಮಾತು ಬಂದೇ ಬರುತ್ತದೆ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ, ಕೃಷಿ ಹಾಳುಮಾಡುವ ಹಂದಿಯನ್ನು ಲೈಸೆನ್ಸ್ ಇರುವವರಿಂದ ಕೊಲ್ಲಿಸಲು ಅನುಮತಿ ನೀಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ನಮ್ಮ ನೆರೆಯ ಆಚೆಕರೆಯವರು ನನ್ನ ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿ, "ಭಟ್ರೇ, ಇದನ್ನು ಕೋವಿಗೆ ಕೂರಿಸ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ಆಗುವುದಿಲ್ಲ, ಆಗುವಂಥದ್ದು ನನಗೆ ಬೇಡವೂ ಬೇಡ. ಮರದ ಹಿಂದಿನ ಬಿಳಿ ತುಂಡು ಹಂದಿಯೋ, ಬಗ್ಗಿ ಪೈಪು ಜೋಡಿಸುವ ಆಳೋ, ಟ್ಯಾಪಿಂಗಿಗೆ ಹೊರಟವರೋ ಎಂದು ತೀರ್ಮಾನಿಸುವಷ್ಟು ವಿವರ ಈ ಚಿತ್ರದಲ್ಲಿ ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ. ಇದನ್ನು ಹಿಡಿದು ರಕ್ಷಿತಾರಣ್ಯದೊಳಗೆ ಕಾಲಿಡುವುದೂ ಇಲ್ಲ. ನಮ್ಮ ಬೇಲಿಯೊಳಗಿನ ಕೆಲಸಕ್ಕೆ ಮಾತ್ರ.

ಹಾಗಾದರೆ ಡಿಜಿಟಲ್ ವ್ಯರ್ಥವೇ? ನಮ್ಮ ಮನೆಯಲ್ಲಿ ಅದು ಮೊದಲೇ ಇತ್ತು: ಅಂಗಳದ ಸಿಸಿಟಿವಿ. ರಾತ್ರಿ ಕಪ್ಪುಬಿಳುಪಾಗಿ ತೋರಿಸುವ ಆ ಕ್ಯಾಮರಾ ಮಾಡುವುದು ಅದೇ ಕೆಲಸ. ಅಂಥದೊಂದನ್ನು ತೋಟದ ಬಾಗಿಲಿಗೂ ಹಾಕಿದೆ, ಬಳ್ಳಿ ಇಲ್ಲದ ಕಡೆ ಮುಖಮಾಡಿ. ಬಂದವರು ಯಾರು, ಯಾವ ಪ್ರಾಣಿ ಎಂದು ಅದು ಹೇಳುತ್ತದೆ.

ಆಚೆಕರೆಯವರಿಗೆ ಪದವಿನಲ್ಲಿ (ಗುಡ್ಡೆಯ ಮೇಲಿನ ಬಯಲಲ್ಲಿ) ಗೇರುತೋಟ. ಮರ ದೂರದೂರ, ನಡುವೆ ಬಯಲು, ಆನೆ ಅಲ್ಲಿಯವರೆಗೆ ಬರುವುದಿಲ್ಲ. ಅವರಿಗೆ ಬೇಕಾದದ್ದು ಬೇಲಿಯ ತಂತಿಗೆ ಕೊಂಬೆ ತಾಗಿದೆಯೋ, ಗೇರುಬೀಜ ಹೆಕ್ಕಲು ಬಂದದ್ದು ಮನುಷ್ಯನೋ ಪ್ರಾಣಿಯೋ ಎಂದು. ತಂತಿಯನ್ನು ಥರ್ಮಲ್ ತೋರಿಸುವುದೇ ಇಲ್ಲ, ಮುಖವನ್ನೂ ಅಷ್ಟೆ. ಅವರಿಗೆ ನಾನೇ ಡಿಜಿಟಲ್ ಆರಿಸಿಕೊಟ್ಟೆ. ದೀಪ 850 ನ್ಯಾನೋಮೀಟರ್ ಅಲೆಯುದ್ದದ್ದು: 940ರದ್ದು ಹೊರಗಿನವರಿಗೆ ಸ್ವಲ್ಪವೂ ಕಾಣುವುದಿಲ್ಲ ನಿಜ, ಆದರೆ ಅಷ್ಟು ದೂರ ಮುಟ್ಟುವುದಿಲ್ಲ. 850ರಲ್ಲಿ ಕಾಣುವ ಮಂದ ಕೆಂಪು ಚುಕ್ಕಿಯಿಂದ ಅವರಿಗೆ ಏನೂ ತೊಂದರೆಯಿಲ್ಲ. ಬ್ಯಾಟರಿ ಕಳಚಿ ಹಾಕುವಂಥದ್ದು. ಮಳೆಗಾಲದಲ್ಲಿ ಇಡಲು ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಇಲ್ಲದಿದ್ದರೆ ಲೆನ್ಸಿಗೆ ಆಟಿ ತಿಂಗಳೊಳಗೆ ಬೂಸ್ಟು ಹಿಡಿಯುತ್ತದೆ.