ಲೆನ್ಸ್‌ಗೆ ನಲ್ಲಿ ನೀರು ಬೇಡ: ಕಾಂಟ್ಯಾಕ್ಟ್ ಲೆನ್ಸ್ ಶುಚಿ ಮಾಡುವುದು ಹೇಗೆ?

ಕೊಳೆಯಾದರೆ ನೀರು ಹಾಕಿ ತೊಳೆಯಬೇಕು. ಚಿಕ್ಕಂದಿನಿಂದ ನಮಗೆ ಗೊತ್ತಿರುವ ಶುಚಿ ಇದೇ ಅಲ್ವಾ? ಹಣ್ಣಿಗೆ, ಪಾತ್ರೆಗೆ, ಕನ್ನಡಕಕ್ಕೆ ಇದು ಸರಿ. ಕಾಂಟ್ಯಾಕ್ಟ್ ಲೆನ್ಸ್‌ಗೆ ಮಾತ್ರ ಇದೇ ಅಪಾಯ. ಮದುವೆ ಛತ್ರದ ವಾಶ್ ಬೇಸಿನ್ ಮುಂದೆ ಯಾರಾದರೂ ಕೆಳಗೆ ಬಿದ್ದ ಲೆನ್ಸನ್ನು ನಲ್ಲಿಗೆ ಹಿಡಿದು ಮತ್ತೆ ಕಣ್ಣಿಗೆ ಹಾಕಿಕೊಳ್ಳುವುದನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ಕಾರಣ ಇಷ್ಟು. ನಲ್ಲಿ, ಬಾವಿ, ಕೆರೆ, ಈಜುಕೊಳ ಎಲ್ಲ ಕಡೆಯ ನೀರಿನಲ್ಲೂ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಮನೆ ಮೇಲಿನ ಟ್ಯಾಂಕ್, ನೆಲದಡಿಯ ಸಂಪ್ ಅದಕ್ಕೆ ಒಳ್ಳೆಯ ಬಿಡಾರ. ಪರಿಸ್ಥಿತಿ ಕೆಟ್ಟರೆ ಗಟ್ಟಿ ಚಿಪ್ಪಿನೊಳಗೆ ಅಡಗಿ ಕೂರುತ್ತದೆ. ನಲ್ಲಿ ನೀರಿಗೆ ಹಾಕುವಷ್ಟು ಕ್ಲೋರಿನ್‌ಗೆ ಅದು ಸಾಯುವುದಿಲ್ಲ. ಲೆನ್ಸ್‌ಗೆ ಅಂಟಿಕೊಂಡು ಕಣ್ಣು ಸೇರಿದರೆ, ಕಪ್ಪುಗುಡ್ಡೆಯ ಮೇಲಿನ ಗಾಜಿನಂಥ ಪದರವಾದ ಕಾರ್ನಿಯಾವನ್ನು ಹೊಕ್ಕುಬಿಡಬಹುದು. ಇಂಥ ಸೋಂಕು ಅಪರೂಪ, ನಿಜ. ಆದರೆ ಬಂದರೆ ತಿಂಗಳುಗಟ್ಟಲೆ ಔಷಧಿ ಹಾಕಬೇಕು, ಕೆಲವರಿಗೆ ಕಾರ್ನಿಯಾ ಕಸಿಯೂ ಬೇಕಾಗುತ್ತದೆ. ಸಾಲದ್ದಕ್ಕೆ, ನೀರು ತಾಗಿದರೆ ಮೆತ್ತನೆಯ ಲೆನ್ಸ್ ಉಬ್ಬಿ, ಆಕಾರ ಕೆಟ್ಟು, ಕಣ್ಣಿಗೆ ಅಂಟಿಕೊಳ್ಳುತ್ತದೆ.

ಆರ್‌ಒ ನೀರು ಆದೀತಾ ಎಂದು ಕೇಳುವವರಿದ್ದಾರೆ. ಬೇಡ. ಕುದಿಸಿ ಆರಿಸಿದ ನೀರೂ ಬೇಡ. ಉಪ್ಪು ಕರಗಿಸಿದ ನೀರಂತೂ ಬೇಡವೇ ಬೇಡ. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಸೋಂಕು ಹೆಚ್ಚಾದಾಗ, ಮನೆಯಲ್ಲೇ ಮಾಡಿಕೊಂಡ ಉಪ್ಪುನೀರು ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಅಂಗಡಿಯಲ್ಲಿ ಸಿಗುವ ಸಲೈನ್, ಅಂದರೆ ಶುದ್ಧೀಕರಿಸಿದ ಉಪ್ಪುನೀರಿನಲ್ಲಿ, ಲೆನ್ಸ್ ಅದ್ದಿ ತೆಗೆಯಬಹುದು ಅಷ್ಟೆ, ಅದು ರೋಗಾಣುಗಳನ್ನು ಕೊಲ್ಲುವುದಿಲ್ಲ. ಲೆನ್ಸ್ ತೊಳೆಯಲು, ನೆನೆಸಿಡಲು ಅದಕ್ಕೆಂದೇ ಮಾಡಿದ, ಡಾಕ್ಟರ್ ಹೇಳಿದ ಸೊಲ್ಯೂಷನ್ನೇ ಬೇಕು.

ಈಗ ಕೆಲಸಕ್ಕೆ ಬರೋಣ.

ಮೊದಲು ಕೈ. ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ತೊಳೆದಷ್ಟೇ ಮುಖ್ಯ, ಒರೆಸುವುದು. ಬೆರಳಲ್ಲಿ ಒಂದು ಹನಿಯೂ ನೀರು ಉಳಿಯಬಾರದು. ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಎಷ್ಟು ತೊಳೆದರೂ ಖಾರ ಬಿಡುವುದಿಲ್ಲ. ಅದಕ್ಕೇ ಬೆಳಿಗ್ಗೆ ಅಡುಗೆಮನೆಗೆ ಹೋಗುವ ಮೊದಲು ಲೆನ್ಸ್ ಹಾಕಿಕೊಳ್ಳಿ, ರಾತ್ರಿ ಅಡುಗೆಗೆ ಮೊದಲೇ ತೆಗೆದುಬಿಡಿ. ಕಾಡಿಗೆಯೂ ಹಾಗೆಯೇ: ಲೆನ್ಸ್ ಹಾಕಿದ ಮೇಲೆ ಹಚ್ಚಿ, ಲೆನ್ಸ್ ತೆಗೆದ ಮೇಲೆ ಒರೆಸಿ.

ತೆಗೆದ ಮೇಲೆ ಉಜ್ಜುವುದು. ಯಾವಾಗಲೂ ಒಂದೇ ಕಣ್ಣಿನಿಂದ ಶುರು ಮಾಡಿ, ಎಡ ಬಲ ಅದಲು ಬದಲಾಗುವುದಿಲ್ಲ. ಲೆನ್ಸನ್ನು ಅಂಗೈಯಲ್ಲಿಟ್ಟು ಮೇಲೆ ಕೆಲವು ಹನಿ ಸೊಲ್ಯೂಷನ್ ಹಾಕಿ. ಬೆರಳ ತುದಿಯಿಂದ, ಉಗುರು ತಾಗದಂತೆ, ಎರಡೂ ಬದಿ ಮೆಲ್ಲಗೆ ಉಜ್ಜಿ. ಆಮೇಲೆ ಸೊಲ್ಯೂಷನ್ನನ್ನೇ ಧಾರೆಯಾಗಿ ಬಿಟ್ಟು ತೊಳೆಯಿರಿ. ಕೆಲವು ಬಾಟಲಿಗಳ ಮೇಲೆ ಉಜ್ಜುವ ಅಗತ್ಯವಿಲ್ಲ ಎಂದು ಬರೆದಿರುತ್ತದೆ. ಆದರೂ ಉಜ್ಜಿ. ದಿನವಿಡೀ ಅಂಟಿದ ಜಿಡ್ಡು, ರೋಗಾಣುಗಳು ಸುಮ್ನೆ ನೆನೆಸಿಟ್ಟರೆ ಪೂರ್ತಿ ಬಿಡುವುದಿಲ್ಲ.

ನೆನೆಸಿಡುವುದು. ಲೆನ್ಸ್ ಇಡುವ ಪುಟ್ಟ ಡಬ್ಬಿಗೆ, ಅಂದರೆ ಕೇಸಿಗೆ, ಪ್ರತಿ ರಾತ್ರಿ ಹೊಸ ಸೊಲ್ಯೂಷನ್ ಹಾಕಿ. ನಿನ್ನೆ ಉಳಿದದ್ದರ ಮೇಲೆ ಇವತ್ತು ಸ್ವಲ್ಪ ಸುರಿಯುವುದು ಉಳಿತಾಯದಂತೆ ಕಾಣುತ್ತದೆ. ನಿನ್ನೆ ಪಾತ್ರೆ ತೊಳೆದ ನೀರಿಗೆ ಒಂದು ಲೋಟ ಹೊಸ ನೀರು ಬೆರೆಸಿ ಇವತ್ತಿನ ತಟ್ಟೆ ತೊಳೆದ ಹಾಗೆ ಅದು. 2006ರಲ್ಲಿ ಅಮೆರಿಕ, ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿ ಲೆನ್ಸ್ ಹಾಕುವವರಿಗೆ ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೋಂಕು ಹೆಚ್ಚಾಗಿ, ಒಂದು ಬಗೆಯ ಸೊಲ್ಯೂಷನ್ನನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ವಾಪಸ್ ತೆಗೆಯಬೇಕಾಯಿತು. ಹಳೆಯದಕ್ಕೆ ಹೊಸದು ಬೆರೆಸುವ ಅಭ್ಯಾಸ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದೂ ಆಗ ಕಂಡುಬಂತು.

ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಪೆನ್ನಿನಲ್ಲಿ ಬರೆದಿಡಿ. ತೆರೆದ ಮೇಲೆ ಎಷ್ಟು ದಿನ ಬಳಸಬಹುದು, ಲೆನ್ಸ್ ಎಷ್ಟು ಗಂಟೆ ನೆನೆಯಬೇಕು ಎಂಬುದು ಲೇಬಲ್ ಮೇಲಿರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಇರುವ ಸೊಲ್ಯೂಷನ್ ಬಳಸುವವರಿಗೆ ಇನ್ನೊಂದು ಎಚ್ಚರ. ಅದನ್ನು ಜೊತೆಗೆ ಕೊಟ್ಟ ಕೇಸಿನಲ್ಲೇ ಹೇಳಿದಷ್ಟು ಹೊತ್ತು ಇಡಬೇಕು. ನೇರವಾಗಿ ಕಣ್ಣಿಗೆ ತಾಗಿದರೆ ಬೆಂಕಿ ಬಿದ್ದಂತೆ ಉರಿಯುತ್ತದೆ.

ಬೆಳಿಗ್ಗೆ ಕೇಸ್. ಎಲ್ಲರೂ ಮರೆಯುವುದು ಇದನ್ನೇ. ಲೆನ್ಸ್ ಹಾಕಿಕೊಂಡ ಕೂಡಲೇ ಕೇಸಿನ ಸೊಲ್ಯೂಷನ್ ಪೂರ್ತಿ ಚೆಲ್ಲಿ. ಹೊಸ ಸೊಲ್ಯೂಷನ್‌ನಿಂದ ತೊಳೆದು, ಶುಚಿಯಾದ ಟಿಶ್ಯೂವಿನಲ್ಲಿ ಒರೆಸಿ, ಮುಚ್ಚಳ ತೆಗೆದು ಕವುಚಿ ಇಡಿ. ಬಾತ್‌ರೂಮಿನ ತೇವದಲ್ಲಿ ಇಡಬೇಡಿ. ಕೇಸ್ ಎಷ್ಟೇ ಹೊಸದಾಗಿ ಕಂಡರೂ 3 ತಿಂಗಳಿಗೊಮ್ಮೆ ಎಸೆದುಬಿಡಿ. ಒಳಗೋಡೆಗೆ ಅಂಟುವ ತೆಳು ಲೋಳೆ ಪದರ ಕಣ್ಣಿಗೆ ಕಾಣುವುದಿಲ್ಲ, ರೋಗಾಣುಗಳ ಮನೆ ಅದೇ.

ಹಾಕುವ ಮೊದಲು ಲೆನ್ಸನ್ನು ಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡಿ. ಬಟ್ಟಲಿನಂತೆ ಕಂಡರೆ ಸರಿ, ಅಂಚು ತಟ್ಟೆಯಂತೆ ಹೊರಗೆ ಚಾಚಿದ್ದರೆ ಒಳಮಗ್ಗುಲು ಹೊರಗಾಗಿದೆ.

ಮಲಗುವಾಗ ಲೆನ್ಸ್ ತೆಗೆಯಲೇಬೇಕು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದಕ್ಕೆ ಬೇಕಾದ ಆಮ್ಲಜನಕ ಬಹುಪಾಲು ಗಾಳಿಯಿಂದ ಬರುತ್ತದೆ. ಲೆನ್ಸ್ ಇಟ್ಟು ರೆಪ್ಪೆಯನ್ನೂ ಮುಚ್ಚಿದರೆ ಅದಕ್ಕೆ ಉಸಿರು ಕಟ್ಟಿದಂತೆ. ಲೆನ್ಸ್ ಹಾಕಿ ಮಲಗುವವರಿಗೆ ಸೋಂಕಿನ ಅಪಾಯ 6ರಿಂದ 8 ಪಟ್ಟು ಜಾಸ್ತಿ. ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಊರಿಗೆ ಹೊರಟವರು ದಯವಿಟ್ಟು ಮನೆಯಲ್ಲೇ ತೆಗೆದು ಕನ್ನಡಕ ಹಾಕಿಕೊಂಡು ಹೊರಡಿ. ಅಲುಗಾಡುವ ಬಸ್ಸಿನಲ್ಲಿ ಕೈ ತೊಳೆಯುವುದೆಲ್ಲಿ? ಸ್ನಾನಕ್ಕೆ, ಈಜಿಗೆ, ಹೋಳಿಯ ಬಣ್ಣಕ್ಕೆ ಇಳಿಯುವಾಗಲೂ ಲೆನ್ಸ್ ಬೇಡ.

ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ತಕ್ಷಣ ಲೆನ್ಸ್ ತೆಗೆಯಿರಿ. ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತಂದು ಹಾಕಿಕೊಳ್ಳಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿಯುತ್ತದೆ, ಒಳಗೆ ಸೋಂಕು ಬೆಳೆಯುತ್ತಲೇ ಇರುತ್ತದೆ. ತೆಗೆದ ಲೆನ್ಸ್, ಕೇಸ್ ಎರಡನ್ನೂ ಎಸೆಯದೆ ಜೊತೆಗೆ ಒಯ್ಯಿರಿ. ಯಾವ ರೋಗಾಣು ಎಂದು ಪತ್ತೆ ಮಾಡಲು ಲ್ಯಾಬ್‌ಗೆ ಅವು ಬೇಕಾಗಬಹುದು.