ಅಭಿವೃದ್ಧಿ ಬ್ಯಾಂಕಿನ ‘ದೇಶ ಕಾರ್ಯತಂತ್ರ’ವನ್ನು ಓದುವುದು ಹೇಗೆ?

ಸರ್ಕಾರಿ ಯೋಜನೆಯ ಹಿಡಿತದಿಂದ ಮಾರುಕಟ್ಟೆಯತ್ತ ಹೊರಳುತ್ತಿರುವ ದೇಶವೊಂದಕ್ಕೆ ಅಭಿವೃದ್ಧಿ ಬ್ಯಾಂಕ್ ಇಷ್ಟು ಕೋಟಿ ಡಾಲರ್ ನೆರವು ಘೋಷಿಸಿತು ಎಂಬ ಸುದ್ದಿ ಆಗಾಗ ಬರುತ್ತದೆ. ಮೊತ್ತದಿಂದ ತಿಳಿಯುವುದು ಕಡಿಮೆ. ಆ ದೇಶದಲ್ಲಿ ಯಾವ ಸುಧಾರಣೆ ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಇನ್ನೂ ಯಾರೂ ಕೈಹಾಕಿಲ್ಲ ಎಂಬುದು ಗೊತ್ತಾಗಬೇಕಾದರೆ ಬ್ಯಾಂಕ್ ಕೆಲವು ವರ್ಷಗಳಿಗೊಮ್ಮೆ ಸಿದ್ಧಪಡಿಸಿ ಸಾರ್ವಜನಿಕವಾಗಿ ಪ್ರಕಟಿಸುವ ‘ದೇಶ ಕಾರ್ಯತಂತ್ರ’ವನ್ನು ಓದಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುತ್ತಿರುವವರಿಗೂ ರಫ್ತು ವ್ಯಾಪಾರಿಗಳಿಗೂ ಉಪಯೋಗವಾಗುವಂತೆ, ಉಜ್ಬೇಕಿಸ್ತಾನವನ್ನು ಮುಂದಿಟ್ಟುಕೊಂಡು ಆ ಓದಿನ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಬ್ಯಾಂಕಿನ ಸ್ಥಾಪನಾ ಒಪ್ಪಂದವನ್ನು ನೋಡಿ

ಎಲ್ಲ ಅಭಿವೃದ್ಧಿ ಬ್ಯಾಂಕುಗಳೂ ಒಂದೇ ಬಗೆಯವಲ್ಲ. ಸಾಲದ ನಿರ್ಧಾರದಲ್ಲಿ ಆರ್ಥಿಕ ಅಂಶಗಳನ್ನಷ್ಟೇ ಪರಿಗಣಿಸಬೇಕೆಂದು ವಿಶ್ವ ಬ್ಯಾಂಕಿನ ಒಪ್ಪಂದ ಹೇಳುತ್ತದೆ. 1991ರಲ್ಲಿ ಆರಂಭವಾದ, ಲಂಡನ್ ಮೂಲದ ಯುರೋಪಿಯನ್ ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕಿನ (ಇಬಿಆರ್‌ಡಿ) ಮೊದಲ ವಿಧಿಯಾದರೋ ಬಹುಪಕ್ಷೀಯ ಪ್ರಜಾಪ್ರಭುತ್ವ ಹಾಗೂ ಮಾರುಕಟ್ಟೆ ಅರ್ಥವ್ಯವಸ್ಥೆಗೆ ಬದ್ಧವಾದ ದೇಶಗಳಿಗೆ ನೆರವಾಗುವುದೇ ತನ್ನ ಉದ್ದೇಶ ಎನ್ನುತ್ತದೆ. ಹಾಗಾಗಿ ಅದರ ಕಾರ್ಯತಂತ್ರದಲ್ಲಿ ರಾಜಕೀಯದ ಮೌಲ್ಯಮಾಪನವೂ ಇರುತ್ತದೆ. ಅದನ್ನು ಬಿಟ್ಟು ಮುಂದೆ ಹೋಗಬಾರದು. 2018ರ ಜುಲೈನಲ್ಲಿ ಭಾರತ ಈ ಬ್ಯಾಂಕಿನ 69ನೇ ಷೇರುದಾರನಾಯಿತು. ಸಾಲ ಪಡೆಯುವುದಕ್ಕಲ್ಲ, ಬ್ಯಾಂಕ್ ಹಣ ಹೂಡುವ ದೇಶಗಳಲ್ಲಿ ನಮ್ಮ ಕಂಪನಿಗಳಿಗೂ ಜಾಗ ಸಿಗಲೆಂದು.

2. ಮೂಲ ತೊಡಕು ಯಾವುದೆಂದು ಹುಡುಕಿ

ಕಡತದಲ್ಲಿ ಹತ್ತಾರು ಸಮಸ್ಯೆಗಳ ಪ್ರಸ್ತಾಪವಿರುತ್ತದೆ. ಯಾವ ಒಂದನ್ನು ಬಿಡಿಸದೆ ಉಳಿದವು ಬಿಡಿಸಿಕೊಳ್ಳವೋ ಅದನ್ನು ಗುರುತಿಸುವುದೇ ಓದುಗನ ಮುಖ್ಯ ಕೆಲಸ.

ಉಜ್ಬೇಕಿಸ್ತಾನದಲ್ಲಿ ಅದು ವಿದೇಶಿ ವಿನಿಮಯವಾಗಿತ್ತು. 2017ರ ಆಗಸ್ಟ್‌ವರೆಗೆ ಅಧಿಕೃತ ದರದಲ್ಲಿ ಒಂದು ಡಾಲರಿಗೆ ಸುಮಾರು 4,200 ಸೋಮ್ (ಅಲ್ಲಿನ ನಾಣ್ಯ). ಕಾಳಸಂತೆಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಅಧಿಕೃತ ದರದಲ್ಲಿ ಡಾಲರ್ ಸಿಗುತ್ತಿದ್ದುದು ಸರ್ಕಾರದ ಕೃಪೆ ಇದ್ದವರಿಗೆ. ಅಂಥ ಕಂಪನಿಗೆ ದಕ್ಷತೆಯ ಅಗತ್ಯವೇ ಇರಲಿಲ್ಲ, ಡಾಲರ್ ಕೈಗೆ ಬಂದರೆ ಅದೇ ಲಾಭ. ರಫ್ತುದಾರನಾದರೋ ತನ್ನ ಗಳಿಕೆಯ ಒಂದು ಭಾಗವನ್ನು ಅದೇ ಕಡಿಮೆ ದರಕ್ಕೆ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಇಂಥ ಕಡೆ ಖಾಸಗಿ ಉದ್ಯಮಕ್ಕೆ ಎಷ್ಟು ಸಾಲ ಕೊಟ್ಟರೂ ಅದು ಬೆಳೆಯುವುದು ಕಷ್ಟ. 2017ರ ಸೆಪ್ಟೆಂಬರ್ 5ರಂದು ಅಧ್ಯಕ್ಷ ಶವ್ಕತ್ ಮಿರ್ಜಿಯೊಯೆವ್ ಅವರ ಸರ್ಕಾರ ದರವನ್ನು ಒಮ್ಮೆಗೇ 8,100 ಸೋಮ್‌ಗೆ ತಂದು, ವಿನಿಮಯದ ನಿರ್ಬಂಧಗಳನ್ನು ಸಡಿಲಿಸಿತು.

ಇಲ್ಲೊಂದು ಎಚ್ಚರಿಕೆ ಬೇಕು. ಇದೇ ದೇಶ 2003ರ ಅಕ್ಟೋಬರಿನಲ್ಲಿಯೇ, ಚಾಲ್ತಿ ವಹಿವಾಟಿಗೆ (ಆಮದು-ರಫ್ತಿನಂಥ ದೈನಂದಿನ ಪಾವತಿಗಳಿಗೆ) ವಿನಿಮಯ ನಿರ್ಬಂಧ ಹೇರುವುದಿಲ್ಲವೆಂದು ಅಂತರರಾಷ್ಟ್ರೀಯ ಹಣಕಾಸು ನಿಧಿಗೆ ಮಾತು ಕೊಟ್ಟಿತ್ತು. ಡಾಲರಿಗಾಗಿ ಕಾಯುವುದು ಮಾತ್ರ ತಪ್ಪಲಿಲ್ಲ. ‘ಕಾನೂನು ಜಾರಿಯಾಗಿದೆ’ ಎಂಬ ಸಾಲು ಕಂಡಲ್ಲೆಲ್ಲ ಬ್ಯಾಂಕಿನ ಕಿಟಕಿಯಲ್ಲಿ ನಿಂತವನಿಗೆ ಏನಾಯಿತು ಎಂದು ಕೇಳಿಕೊಳ್ಳುವುದು ಒಳ್ಳೆಯದು.

3. ಸುಧಾರಣೆಗಳನ್ನು ಇಸವಿಯ ಪ್ರಕಾರ ಬರೆದುಕೊಳ್ಳಿ

ಕಾರ್ಯತಂತ್ರದಲ್ಲಿ ಎಲ್ಲ ಆದ್ಯತೆಗಳೂ ಸರಿಸಮವಾಗಿ ಕಾಣುತ್ತವೆ. ಇಸವಿ ಹಾಕಿ ಬರೆದಾಗ ನಿಜವಾದ ಆದ್ಯತೆ ಹೊರಬೀಳುತ್ತದೆ. 2017ರಲ್ಲಿ ವಿನಿಮಯ ದರ. 2019ರಲ್ಲಿ ತೆರಿಗೆ. 2020ರ ಮಾರ್ಚ್‌ನಲ್ಲಿ ಹತ್ತಿ ಬೆಳೆಗೆ ಸರ್ಕಾರ ನಿಗದಿಪಡಿಸುತ್ತಿದ್ದ ಕಡ್ಡಾಯ ಖರೀದಿ ಪ್ರಮಾಣದ ರದ್ದತಿ. ಕೊಯ್ಲಿಗೆ ಜನರನ್ನು ಬಲವಂತವಾಗಿ ದುಡಿಸುತ್ತಿದ್ದ ಪದ್ಧತಿಯ ಬೇರು ಬಹುಮಟ್ಟಿಗೆ ಇದರಲ್ಲಿಯೇ ಇತ್ತು. ಮನೆಬಳಕೆಯ ವಿದ್ಯುತ್ ಮತ್ತು ಅನಿಲದ ದರದ ದೊಡ್ಡ ಏರಿಕೆ ಬಂದದ್ದು 2024ರ ಮೇ ತಿಂಗಳಿನಲ್ಲಿ.

ಎಲ್ಲಕ್ಕಿಂತ ನಿಧಾನವಾದದ್ದು ಬ್ಯಾಂಕುಗಳ ಖಾಸಗೀಕರಣ. ಸರ್ಕಾರದ ಪಾಲಿಲ್ಲದ ಬ್ಯಾಂಕುಗಳ ಆಸ್ತಿಯನ್ನು 2025ರೊಳಗೆ ಶೇ 15ರಿಂದ ಶೇ 60ಕ್ಕೆ ಏರಿಸುವ ಗುರಿಯನ್ನು 2020ರಲ್ಲಿ ಇಡಲಾಯಿತು. ಇಪೊಟೆಕಾ ಬ್ಯಾಂಕನ್ನು ಹಂಗೇರಿಯ ಒಟಿಪಿ ಬ್ಯಾಂಕ್ 2023ರಲ್ಲಿ ಕೊಂಡುಕೊಂಡದ್ದು ಈ ದಿಕ್ಕಿನ ದೊಡ್ಡ ಮಾರಾಟ. ಆದರೂ ಆಸ್ತಿಯ ಹೆಚ್ಚಿನ ಪಾಲು ಸರ್ಕಾರಿ ಬ್ಯಾಂಕುಗಳಲ್ಲಿಯೇ ಉಳಿಯಿತು. ಯಾರಿಗೆ ಸಾಲ ಸಿಗಬೇಕೆಂದು ತೀರ್ಮಾನಿಸುವ ಅಧಿಕಾರವನ್ನು ಯಾವ ಸರ್ಕಾರವೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

4. ಹಣ ಯಾವ ರೂಪದಲ್ಲಿದೆ, ತೀರಿಸುವವರು ಯಾರು?

ನೀತಿ ಆಧಾರಿತ ಸಾಲ ನೇರವಾಗಿ ಬಜೆಟ್ಟಿಗೆ ಸೇರುತ್ತದೆ, ಅದನ್ನು ತೀರಿಸುವುದು ತೆರಿಗೆದಾರ. 2018ರಲ್ಲಿ ವಿಶ್ವ ಬ್ಯಾಂಕ್ ಉಜ್ಬೇಕಿಸ್ತಾನಕ್ಕೆ ಮಂಜೂರು ಮಾಡಿದ 50 ಕೋಟಿ ಡಾಲರ್ ಇಂಥದ್ದು. ಇದರಲ್ಲಿ ಒಪ್ಪಿದ ಸುಧಾರಣೆಗಳು ಬ್ಯಾಂಕಿನ ಆಡಳಿತ ಮಂಡಳಿಯ ಒಪ್ಪಿಗೆಗೂ ಮೊದಲೇ ಆಗಿರಬೇಕು. ಆ ಪಟ್ಟಿ ಸಾಲದ ಕಡತದ ಅನುಬಂಧದಲ್ಲಿರುತ್ತದೆ. 2001ರಲ್ಲಿ ಕರ್ನಾಟಕವೂ ವಿಶ್ವ ಬ್ಯಾಂಕಿನಿಂದ ಇದೇ ಜಾತಿಯ ಆರ್ಥಿಕ ಪುನರ್ರಚನಾ ಸಾಲ ಪಡೆದಿತ್ತು, ನಮ್ಮ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಬಂದದ್ದು 2002ರಲ್ಲಿ.

ಖಾಸಗಿ ಯೋಜನೆಯ ಸಾಲವನ್ನು ಕಂಪನಿಯೇ ತೀರಿಸಬೇಕು. ಹಾಗೆಂದು ಸರ್ಕಾರದ ಹೊಣೆ ಇಲ್ಲವೆಂದಲ್ಲ. ನವೋಯಿ ಪ್ರಾಂತ್ಯದಲ್ಲಿ ಅಬುಧಾಬಿಯ ಮಸ್ದರ್ ಕಂಪನಿ ಕಟ್ಟಿದ 100 ಮೆಗಾವಾಟ್ ಸೌರ ಸ್ಥಾವರಕ್ಕೆ ಅಭಿವೃದ್ಧಿ ಬ್ಯಾಂಕುಗಳು ಸಾಲ ಕೊಟ್ಟವು. 2019ರ ಹರಾಜಿನಲ್ಲಿ ಯೂನಿಟ್ಟಿಗೆ 2.679 ಸೆಂಟ್ ದರ ಬಂದಿತ್ತು. ಆ ವಿದ್ಯುತ್ತನ್ನು 25 ವರ್ಷ ಕೊಳ್ಳಬೇಕಾದದ್ದು ಸರ್ಕಾರಿ ಸಂಸ್ಥೆ. ಗ್ರಾಹಕನಿಂದ ಸರಿಯಾದ ದರ ವಸೂಲಾಗದಿದ್ದರೆ ಹೊರೆ ಬಜೆಟ್ಟಿನ ಮೇಲೆಯೇ ಬೀಳುತ್ತದೆ. ಮೂರನೇ ಹಂತದಲ್ಲಿ ವಿದ್ಯುತ್ ದರದ ಇಸವಿಯನ್ನು ಬರೆದುಕೊಳ್ಳಲು ಹೇಳಿದ್ದು ಇದಕ್ಕೇ.

5. ಹಳೆಯ ಕಾರ್ಯತಂತ್ರವನ್ನು ಪಕ್ಕದಲ್ಲಿಡಿ

ಹೆಚ್ಚಿನವರು ಕೈಬಿಡುವ ಹಂತ ಇದು. 2003ರಲ್ಲಿ ಇಬಿಆರ್‌ಡಿ ತನ್ನ ವಾರ್ಷಿಕ ಸಭೆಯನ್ನು ತಾಷ್ಕೆಂಟಿನಲ್ಲಿ ನಡೆಸಿತು. ಆಗಿನ ಕಾರ್ಯತಂತ್ರದಲ್ಲಿ ರಾಜಕೀಯ ಹಾಗೂ ಆರ್ಥಿಕ ಮಾನದಂಡಗಳನ್ನು ನಿಗದಿಪಡಿಸಿ ಒಂದು ವರ್ಷದ ಗಡುವು ಕೊಟ್ಟಿತ್ತು. ಪ್ರಗತಿ ಸಾಲದೆಂದು 2004ರಲ್ಲಿ ಸರ್ಕಾರಿ ವಲಯದ ಸಾಲವನ್ನು ಮೊಟಕುಗೊಳಿಸಿತು, ಮುಂದೆ ಹೊಸ ಹೂಡಿಕೆಯೇ ನಿಂತಿತು. ಹಣ ತಡೆದದ್ದರಿಂದ ಆಗಿನ ಅಧ್ಯಕ್ಷ ಇಸ್ಲಾಂ ಕರಿಮೊವ್ ಅವರ ಆಡಳಿತ ಬದಲಾಗಲಿಲ್ಲ. 2016ರಲ್ಲಿ ಅವರು ತೀರಿಕೊಂಡು, ಹೊಸ ಅಧ್ಯಕ್ಷರು ದಾರಿ ಬದಲಿಸಿದ ಮೇಲೆ, 2017ರಲ್ಲಿ ಬ್ಯಾಂಕ್ ಮರಳಿ ಬಂತು; 2018ರಲ್ಲಿ ಹೊಸ ಕಾರ್ಯತಂತ್ರ ಒಪ್ಪಿತು. ಸುಧಾರಣೆಗೆ ಹೊರಟ ಸರ್ಕಾರಕ್ಕೆ ಬ್ಯಾಂಕ್ ವೇಗ ಕೊಡಬಲ್ಲದು, ಹೊರಡದ ಸರ್ಕಾರವನ್ನು ಹೊರಡಿಸಲಾರದು ಎಂಬ ಅಭಿಪ್ರಾಯಕ್ಕೆ ನಾನು ಬಂದದ್ದು ಈ ಎರಡು ಕಡತಗಳನ್ನು ಹೋಲಿಸಿದ ಮೇಲೆಯೇ.

ಹೋಲಿಸುವಾಗ ಹಳೆಯದರಲ್ಲಿದ್ದು ಹೊಸದರಲ್ಲಿ ಸದ್ದಿಲ್ಲದೆ ಮಾಯವಾದ ಗುರಿಗಳಿಗೆ ಗುರುತು ಹಾಕಿ. ಮೊತ್ತಗಳ ವಿಷಯದಲ್ಲಿ, ಮಂಡಳಿ ಒಪ್ಪಿದ್ದು, ಸಹಿಯಾದದ್ದು, ನಿಜಕ್ಕೂ ಬಿಡುಗಡೆಯಾದದ್ದು ಎಂಬ ಮೂರನ್ನು ಬೇರೆ ಬೇರೆ ಕಾಲಂನಲ್ಲಿ ಬರೆದುಕೊಳ್ಳಿ. ಪತ್ರಿಕೆಗಳ ತಲೆಬರಹದಲ್ಲಿ ಬರುವುದು ಸಾಮಾನ್ಯವಾಗಿ ಮೊದಲೆರಡೇ.